ಮೊದಲು ಗಾಳಿ, ಆಮೇಲೆ ಡೀಸೆಲ್



ಗುಂಡ್ಯದಿಂದ ಶಿರಾಡಿ ಘಾಟಿ ಹತ್ತಿ ಬರುವ ಗಾಡಿಗಳ ಸದ್ದು ಕೇಳುತ್ತಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಸಕಲೇಶಪುರದಲ್ಲಿ ಹೆದ್ದಾರಿ ಬದಿಗೆ ನನ್ನದೊಂದು ಡೀಸೆಲ್ ಗ್ಯಾರೇಜು. ಯಾವ ಗಾಡಿ ಸಲೀಸಾಗಿ ಉಸಿರಾಡುತ್ತಿದೆ, ಯಾವುದು ಏದುಸಿರು ಬಿಡುತ್ತಿದೆ ಎಂದು ಬಾನೆಟ್ ಎತ್ತುವ ಮೊದಲೇ ಕಿವಿಗೆ ಗೊತ್ತಾಗುತ್ತದೆ. ಏದುಸಿರು ಬಿಡುವ ಗಾಡಿಯ ಹಿಂದೆ ಕರಿ ಹೊಗೆ ಇದ್ದೇ ಇರುತ್ತದೆ.

ಕಳೆದ ವರ್ಷ ಮಳೆಗಾಲ ಮುಗಿದು ಕಾಫಿ ಹಣ್ಣಾಗುವ ಹೊತ್ತಿಗೆ ಹಿರಿಯ ಬೆಳೆಗಾರರೊಬ್ಬರು ತಮ್ಮ ಹಳೆಯ ಟಾಟಾ ಸಫಾರಿ ತಂದು ನಿಲ್ಲಿಸಿದರು. 1998ರಲ್ಲಿ ಮೊದಲು ಬಂದ ಮಾದರಿ ಅದು. 1948 ಸಿಸಿಯ ಟರ್ಬೊ ಡೀಸೆಲ್ ಎಂಜಿನ್, ಮೆಕಾನಿಕಲ್ ಪಂಪು. ಸೀಟಿನ ಮೇಲಿಂದ ಒಂದು ರಟ್ಟಿನ ಪೆಟ್ಟಿಗೆ ತೆಗೆದು ನನ್ನ ಮೇಜಿನ ಮೇಲಿಟ್ಟರು.

“ನೋಡು ಮಾರಾಯ, ಮಗಳ ಮನೆ ಪುತ್ತೂರಲ್ಲಿ. ಹೋಗುವಾಗ ಇಳಿಜಾರು, ಏನೂ ತೊಂದರೆ ಇಲ್ಲ. ಬರುವಾಗ ಗುಂಡ್ಯ ದಾಟಿದ ಮೇಲೆ ಇದಕ್ಕೆ ಉಸಿರೇ ಇರುವುದಿಲ್ಲ. ಎರಡನೇ ಗೇರಿನಲ್ಲೇ ಬರಬೇಕು. ಮಗ ಪರ್ತ್‌ನಿಂದ ಇದನ್ನ ತಂದಿದ್ದಾನೆ. ಹಾಕಿಕೊಡು, ಪಿಕಪ್ ಬರ್ತದಂತೆ.”

ಪೆಟ್ಟಿಗೆಯಲ್ಲಿದ್ದದ್ದು ಎಲೆಕ್ಟ್ರಾನಿಕ್ ಬೂಸ್ಟ್ ಕಂಟ್ರೋಲರ್. ಅಂಕಿ ತೋರಿಸುವ ಸಣ್ಣ ಮೀಟರು, ಮೂರು ಮೂತಿಯ ಒಂದು ಸಾಲಿನಾಯ್ಡ್ ವಾಲ್ವು, ಸುರುಳಿ ಸುತ್ತಿದ ತೆಳ್ಳನೆಯ ಸಿಲಿಕಾನ್ ಟ್ಯೂಬು, ಒಂದಿಷ್ಟು ವೈರು. ಆಸ್ಟ್ರೇಲಿಯದಲ್ಲಿ ದೊಡ್ಡ ಡೀಸೆಲ್ ಜೀಪುಗಳ ಹಿಂದೆ ಕ್ಯಾರವಾನ್ ಕಟ್ಟಿಕೊಂಡು ಸಾವಿರಾರು ಕಿಲೋಮೀಟರ್ ಎಳೆದುಕೊಂಡು ಹೋಗುವ ಜನ ಇದ್ದಾರೆ. ಅಲ್ಲಿ ಇಂಥ ಸಾಮಾನು ಅಂಗಡಿಯಲ್ಲೇ ಸಿಗುತ್ತದೆ.

“ಗೌಡ್ರೇ, ಇದು ಪಿಕಪ್ ಕೊಡುವ ಸಾಮಾನಲ್ಲ. ಗಾಳಿಯನ್ನು ಹದದಲ್ಲಿ ಇಡುವ ಸಾಮಾನು. ಗಾಡಿ ಎರಡು ದಿನ ನನ್ನ ಹತ್ತಿರ ಇರಲಿ” ಎಂದೆ.

ಈ ಹದದ ವಿಚಾರವನ್ನೇ ಇವತ್ತು ನಿಮ್ಮ ಮುಂದೆ ಬಿಡಿಸಿ ಹೇಳಬೇಕೆಂದಿದ್ದೇನೆ.

ನಮ್ಮೂರಲ್ಲಿ ಒಂದು ಕುಲುಮೆ ಇತ್ತು. ಹುಡುಗನಾಗಿದ್ದಾಗ ರಜೆಯ ದಿನ ಅಲ್ಲಿ ಕೂತು ತಿದಿ ಒತ್ತುತ್ತಿದ್ದೆ. ಇದ್ದಿಲು ಸಾಕಷ್ಟಿದ್ದು ತಿದಿ ಸರಿಯಾಗಿ ಊದಿದರೆ ಕಬ್ಬಿಣ ಬೆಳ್ಳಗೆ ಕಾಯುತ್ತಿತ್ತು. ಇದ್ದಿಲು ಸುರಿದು ಊದದೆ ಬಿಟ್ಟರೆ ಬರೀ ಹೊಗೆ. ಇದ್ದಿಲೇ ಇಲ್ಲದ ಒಲೆಗೆ ಎಷ್ಟು ಊದಿದರೂ ಬೂದಿ ಹಾರೀತೇ ಹೊರತು ಬೆಂಕಿ ಬರದು. ಡೀಸೆಲ್ ಎಂಜಿನ್ನಿನ ಸಂಗತಿ ಇಷ್ಟೇ. ಟರ್ಬೊ ಅಂದರೆ ಅದರ ತಿದಿ, ಅದು ಒತ್ತಿ ತುಂಬುವ ಗಾಳಿಯ ಒತ್ತಡಕ್ಕೇ ಬೂಸ್ಟ್ ಎನ್ನುವುದು.

ಪೆಟ್ರೋಲ್ ಗಾಡಿಯಲ್ಲಿ ನಾವು ಒತ್ತುವ ಪೆಡಲು ಗಾಳಿಯ ಬಾಗಿಲನ್ನು ತೆರೆಯುತ್ತದೆ. ಒಳಗೆ ಹೋದ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಹಿಂಬಾಲಿಸುತ್ತದೆ. ಹಾಗಾಗಿ ಅಲ್ಲಿ ಟರ್ಬೊ ಗಾಳಿ ಹೆಚ್ಚಿಸಿದರೆ ಶಕ್ತಿಯೂ ಹೆಚ್ಚುತ್ತದೆ. ಹಳೆಯ ಡೀಸೆಲ್ ಎಂಜಿನ್ನಿಗೆ ಗಾಳಿಯ ಬಾಗಿಲೇ ಇಲ್ಲ. ಅದು ಪ್ರತಿ ಸುತ್ತಿನಲ್ಲೂ ಎಳೆದುಕೊಳ್ಳುವಷ್ಟನ್ನೂ ಎಳೆದುಕೊಳ್ಳುತ್ತದೆ. ನಮ್ಮ ಕಾಲು ಹೇಳುವುದು ಎಷ್ಟು ಡೀಸೆಲ್ ಬೇಕೆಂಬುದನ್ನು ಮಾತ್ರ. ಡೀಸೆಲ್ ಇದ್ದಷ್ಟೇ ಇದ್ದು ಗಾಳಿ ಮಾತ್ರ ಹೆಚ್ಚಿದರೆ ಹೊಗೆ ಇಳಿಯುತ್ತದೆ, ಸುಡುವುದು ಚೊಕ್ಕವಾಗುತ್ತದೆ, ಸೈಲೆನ್ಸರಿನ ಕಡೆ ಹೋಗುವ ಹೊಗೆಯ ಬಿಸಿಯೂ ಇಳಿಯುತ್ತದೆ. ಎಳೆತ ಹೆಚ್ಚುವುದು ಬಹಳ ಸ್ವಲ್ಪ. ಗಾಳಿ ಇದ್ದಷ್ಟೇ ಇದ್ದು ಪಂಪಿನ ತಿರುಪು ತಿರುಗಿಸಿ ಡೀಸೆಲ್ ಹೆಚ್ಚಿಸಿದರೆ ಮೊದಲ ವಾರ ಗಾಡಿ ಹಾರಿದಂತೆ ಅನ್ನಿಸುತ್ತದೆ. ಆಮೇಲೆ ಪಿಸ್ಟನ್ನಿನ ತಲೆ ಕರಗುತ್ತದೆ. ಪಿಸ್ಟನ್ ಅಲ್ಯೂಮಿನಿಯಂ ಬೆರಕೆಯದು, ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ನೀರಾಗುತ್ತದೆ. ಕರಗಿ ತೂತು ಬಿದ್ದ ಪಿಸ್ಟನ್ ಒಂದನ್ನು ನನ್ನ ಗ್ಯಾರೇಜಿನ ಕಿಟಕಿಯಲ್ಲಿ ಇಟ್ಟಿದ್ದೇನೆ. ಪಂಪು ಜಾಸ್ತಿ ಮಾಡಿಕೊಡು ಎಂದು ಬರುವ ಹುಡುಗರಿಗೆ ಮೊದಲು ಅದನ್ನು ಕೈಗೆ ಕೊಡುತ್ತೇನೆ.

ಸೈಲೆನ್ಸರಿಗೆ ಹೋಗಿ ಹಾಳಾಗುವ ಬಿಸಿ ಗಾಳಿಯಿಂದಲೇ ಒಂದು ಚಕ್ರ ತಿರುಗಿಸಿ, ಅದೇ ಇರುಸಿನ ಇನ್ನೊಂದು ತುದಿಯ ಚಕ್ರದಿಂದ ಹೊಸ ಗಾಳಿಯನ್ನು ಒತ್ತಿ ತುಂಬಬಹುದು ಎಂದು ಕಂಡುಕೊಂಡವರು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಚಿ. ಅವರ ಪೇಟೆಂಟ್ 1905ರದು. ಅದು ಕೆಲಸಕ್ಕೆ ಬಂದು ಡೀಸೆಲ್ ಎಂಜಿನ್ನಿನ ಶಕ್ತಿಯನ್ನು ಶೇಕಡಾ 40ಕ್ಕೂ ಹೆಚ್ಚು ಏರಿಸಿ ತೋರಿಸಿದ್ದು 1925ರಲ್ಲಿ. ನಡುವಿನ 20 ವರ್ಷ ಆ ಮನುಷ್ಯ ಬಿಸಿಯ ಜೊತೆ ಗುದ್ದಾಡಿದರು. ನಾವೂ ಇವತ್ತು ಗುದ್ದಾಡುತ್ತಿರುವುದು ಅದೇ ಬಿಸಿಯ ಜೊತೆ.

ಈಗ ವೇಸ್ಟ್‌ಗೇಟ್ ವಿಚಾರ. ಟರ್ಬೊದ ಇರುಸು ನಿಮಿಷಕ್ಕೆ ಒಂದು ಲಕ್ಷ ಸುತ್ತಿಗಿಂತ ಹೆಚ್ಚು ತಿರುಗುತ್ತದೆ. ತಡೆಯುವವರಿಲ್ಲದಿದ್ದರೆ ಇನ್ನೂ ಏರುತ್ತಲೇ ಹೋಗುತ್ತದೆ. ಅದಕ್ಕೇ ಬಿಸಿ ಗಾಳಿಯ ದಾರಿಯಲ್ಲಿ ಒಂದು ಕಳ್ಳಬಾಗಿಲು ಇಟ್ಟಿರುತ್ತಾರೆ. ಅದನ್ನು ತೆರೆಯುವುದು ಟರ್ಬೊದ ಪಕ್ಕದಲ್ಲಿ ಕಾಣುವ, ಉದ್ದಿನ ವಡೆಯಷ್ಟು ದಪ್ಪದ ಒಂದು ತಗಡಿನ ಡಬ್ಬಿ. ಒಳಗೆ ರಬ್ಬರಿನ ಪರದೆ, ಅದರ ಹಿಂದೆ ಸ್ಪ್ರಿಂಗು, ಹೊರಗೆ ಒಂದು ಕಡ್ಡಿ. ಟರ್ಬೊ ತುಂಬುವ ಗಾಳಿಯ ಒಂದು ಎಳೆ ಸಣ್ಣ ಟ್ಯೂಬಿನಲ್ಲಿ ಬಂದು ಆ ಪರದೆಯನ್ನು ಒತ್ತುತ್ತದೆ. ಒತ್ತಡ ಸ್ಪ್ರಿಂಗಿನ ಬಲವನ್ನು ಮೀರಿದಾಗ ಕಡ್ಡಿ ಮುಂದೆ ಸರಿದು ಕಳ್ಳಬಾಗಿಲು ತೆರೆದುಕೊಳ್ಳುತ್ತದೆ. ಮಿಕ್ಕ ಬಿಸಿ ಗಾಳಿ ಟರ್ಬೊವನ್ನು ತಿರುಗಿಸದೆ ಹಾಗೇ ಸೈಲೆನ್ಸರಿಗೆ ಹೋಗುತ್ತದೆ. ಬೂಸ್ಟ್ ಕಂಟ್ರೋಲರ್ ಮಾಡುವ ಕೆಲಸ ಆ ಸಣ್ಣ ಟ್ಯೂಬಿನ ಮಧ್ಯೆ ಕೂರುವುದು. ಸಾಲಿನಾಯ್ಡು ಸೆಕೆಂಡಿಗೆ ಹತ್ತಾರು ಸಲ ತೆರೆದು ಮುಚ್ಚಿ, ಡಬ್ಬಿಗೆ ಹೋಗುವ ಒತ್ತಡದಲ್ಲಿ ಸ್ವಲ್ಪವನ್ನು ಹೊರಗೆ ಬಿಡುತ್ತದೆ. ಒತ್ತಡ ಇನ್ನೂ ಏರಿಲ್ಲ ಎಂದು ಡಬ್ಬಿ ತಿಳಿಯುತ್ತದೆ, ಬಾಗಿಲು ತಡವಾಗಿ ತೆರೆಯುತ್ತದೆ. ಎಷ್ಟು ತಡ ಎಂಬುದನ್ನು ಮೀಟರಿನ ಗುಂಡಿ ಒತ್ತಿ ನಾವು ಹೇಳಬಹುದು.

ಗೌಡರ ಗಾಡಿಗೆ ಮೊದಲ ದಿನ ಆ ಪೆಟ್ಟಿಗೆಯನ್ನು ನಾನು ಮುಟ್ಟಲೇ ಇಲ್ಲ. ಒಂದು ಸಾದಾ ಬೂಸ್ಟ್ ಮೀಟರನ್ನು ಟಿ ಜೋಡಿಸಿ ಕಟ್ಟಿ, ಘಾಟಿಗೆ ಕೊಂಡೊಯ್ದೆ. ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದರೂ ಮುಳ್ಳು 0.5 ಬಾರ್ ದಾಟಲಿಲ್ಲ. ಹಿಂದೆ ಕಾಡಿಗೆಯಂಥ ಹೊಗೆ. ವಾಪಸ್ಸು ಬಂದು ವೇಸ್ಟ್‌ಗೇಟಿನ ಡಬ್ಬಿಗೆ ಕೈಪಂಪಿನಿಂದ ಗಾಳಿ ಕೊಟ್ಟು ನೋಡಿದರೆ ಕಡ್ಡಿ 0.8ರ ಹತ್ತಿರ ಅಲುಗುತ್ತಿತ್ತು. ಅಂದಮೇಲೆ ಬಾಗಿಲು ಸರಿಯಾಗಿದೆ, ಗಾಳಿ ಬೇರೆಲ್ಲೋ ಸೋರುತ್ತಿದೆ.

ಪ್ಲಂಬಿಂಗ್ ಅಂಗಡಿಯಲ್ಲಿ ಸಿಗುವ ಪಿವಿಸಿ ಪೈಪಿನ ಮುಚ್ಚಳಕ್ಕೆ ತೂತು ಕೊರೆದು ಟೈರಿನ ವಾಲ್ವ್ ಕೂರಿಸಿ ಇಟ್ಟುಕೊಂಡಿದ್ದೇನೆ. ಏರ್ ಫಿಲ್ಟರಿನಿಂದ ಟರ್ಬೊಗೆ ಬರುವ ಪೈಪು ಬಿಚ್ಚಿ, ಅಲ್ಲಿಗೆ ಈ ಮುಚ್ಚಳ ಕಟ್ಟಿ, ಕಂಪ್ರೆಸರಿನಿಂದ ಮೆಲ್ಲಗೆ 0.7 ಬಾರ್ ಗಾಳಿ ಬಿಡಬೇಕು. ಜಾಸ್ತಿ ಬಿಟ್ಟರೆ ಸೀಲುಗಳು ಕೆಡುತ್ತವೆ. ಆಮೇಲೆ ಸೋಪಿನ ನೀರು ಚಿಮುಕಿಸುತ್ತಾ ಹೋಗುವುದು. ಟರ್ಬೊದಿಂದ ಕಾದು ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಮೇಲ್ಭಾಗದ ಹೋಸಿನಲ್ಲಿ ಏನೂ ಕಾಣಲಿಲ್ಲ. ಕೆಳಗಿನ ಹೋಸಿನ ಕ್ಲಾಂಪಿನ ಅಡಿಯಿಂದ ಮಾತ್ರ ನೊರೆ ಉಕ್ಕಿಕೊಂಡು ಬಂತು. ಕ್ಲಾಂಪು ಬಿಚ್ಚಿದರೆ ರಬ್ಬರಿನಲ್ಲಿ ಕಿರುಬೆರಳುದ್ದದ ಸೀಳು. ಎಂಜಿನ್ ನಿಂತಿದ್ದಾಗ ತುಟಿ ಮುಚ್ಚಿಕೊಂಡಿರುತ್ತಿತ್ತು, ಒತ್ತಡ ಬಂದಾಗ ಮಾತ್ರ ತೆರೆಯುತ್ತಿತ್ತು. ಹೊರಗಿನಿಂದ ನೋಡಿದ ಯಾರಿಗೂ ಕಾಣುವ ಹಾಗಿರಲಿಲ್ಲ.

ಹೊಸ ಹೋಸು ಹಾಕಿ, ಮಣ್ಣು ಕಟ್ಟಿದ ಏರ್ ಫಿಲ್ಟರ್ ಬದಲಿಸಿ ಮತ್ತೆ ಘಾಟಿಗೆ ಹೋದೆ. ಮುಳ್ಳು 0.8ಕ್ಕೆ ಬಂದು ನಿಂತಿತು. ಹೊಗೆ ಮುಕ್ಕಾಲು ಪಾಲು ಹೋಯಿತು. ಕಂಟ್ರೋಲರ್ ಇನ್ನೂ ಪೆಟ್ಟಿಗೆಯಲ್ಲೇ ಇತ್ತು. ಇದನ್ನು ಒತ್ತಿ ಹೇಳಲು ಕಾರಣವಿದೆ. ಸೋರುವ ಹೋಸಿನ ಮೇಲೆ ಕಂಟ್ರೋಲರ್ ಕೂರಿಸಿದರೆ ಅದು ಕಳೆದುಹೋದ ಗಾಳಿಯನ್ನು ತುಂಬಿಸಲು ಟರ್ಬೊವನ್ನು ಇನ್ನಷ್ಟು ಜೋರಾಗಿ ಓಡಿಸುತ್ತದೆ. ಮೀಟರಿನಲ್ಲಿ ಅಂಕಿ ಚೆನ್ನಾಗಿ ಕಾಣುತ್ತದೆ, ಒಳಗೆ ಬೇರಿಂಗು ಸವೆಯುತ್ತಿರುತ್ತದೆ.

ಎರಡನೇ ದಿನ ಜೋಡಣೆ. ಎಲ್ಲಕ್ಕಿಂತ ಮೊದಲು ಬಿಸಿ ಅಳೆಯುವ ಮೀಟರು. ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ, ಟರ್ಬೊಗಿಂತ ಮುಂಚೆ, ಥರ್ಮೋಕಪಲ್ ಕಡ್ಡಿ ಕೂರಬೇಕು. ಮ್ಯಾನಿಫೋಲ್ಡನ್ನು ಗಾಡಿಯಲ್ಲೇ ಇಟ್ಟು ತೂತು ಕೊರೆಯುವವರಿದ್ದಾರೆ. ಬೀಡಿನ ಒಂದು ಚೂರು ಒಳಗೆ ಉಳಿದರೂ ಅದು ಹಾರಿ ಟರ್ಬೊದ ರೆಕ್ಕೆಗೆ ಬಡಿಯುತ್ತದೆ. ನಾನು ಬಿಚ್ಚಿ, ಮೇಜಿನ ಮೇಲಿಟ್ಟು ಕೊರೆದು, ಥ್ರೆಡ್ ಮಾಡಿ, ಗಾಳಿ ಹೊಡೆದು, ಬೆರಳಾಡಿಸಿ ನೋಡಿ ಆಮೇಲೆ ಕಟ್ಟುತ್ತೇನೆ. ಅರ್ಧ ದಿನದ ಕೆಲಸ. ಆದರೂ ಬಿಸಿಯ ಮೀಟರು ಇಲ್ಲದೆ ಬೂಸ್ಟಿಗಾಗಲಿ ಪಂಪಿಗಾಗಲಿ ನಾನು ಕೈ ಹಾಕುವುದಿಲ್ಲ.

ಸಾಲಿನಾಯ್ಡನ್ನು ಎಂಜಿನ್ನಿನ ಮೇಲೆ ಕಟ್ಟಬಾರದು. ನಡುಕಕ್ಕೂ ಬಿಸಿಗೂ ಅದು ಬಾಳುವುದಿಲ್ಲ. ಬಾಡಿಯ ಒಳಗೋಡೆಗೆ, ಮ್ಯಾನಿಫೋಲ್ಡಿನಿಂದ ದೂರ, ಆದರೆ ಡಬ್ಬಿಗೆ ಹತ್ತಿರವಾಗಿ ಕಟ್ಟಿದೆ. ಟ್ಯೂಬು ಉದ್ದವಾದಷ್ಟೂ ಸುದ್ದಿ ತಡವಾಗಿ ತಲುಪುತ್ತದೆ, ಆ ತಡದಲ್ಲಿ ಒತ್ತಡ ಹದ್ದು ಮೀರಿ ಜಿಗಿಯುತ್ತದೆ. ಮೀಟರಿಗೆ ಹೋಗುವ ಟ್ಯೂಬನ್ನು ಫೈರ್‌ವಾಲಿನ ರಬ್ಬರಿನೊಳಗಿಂದ ತೂರಿಸಿದೆ. ಕರೆಂಟನ್ನು ಕೀ ತಿರುಗಿಸಿದಾಗ ಮಾತ್ರ ಬರುವ ವೈರಿನಿಂದ, ಫ್ಯೂಸ್ ಹಾಕಿ ತೆಗೆದುಕೊಂಡೆ. ಅರ್ತ್ ವೈರನ್ನು ಬಣ್ಣ ಕೆರೆದ ತಗಡಿಗೆ ಬಿಗಿದೆ.

ಇನ್ನು ಆ ಮೂರು ಮೂತಿ. ಒಂದು ಟರ್ಬೊದಿಂದ ಬರುವ ಒತ್ತಡಕ್ಕೆ, ಒಂದು ವೇಸ್ಟ್‌ಗೇಟ್ ಡಬ್ಬಿಗೆ, ಒಂದು ಹೊರಗಾಳಿಗೆ. ಸಾಲಿನಾಯ್ಡಿಗೆ ಕರೆಂಟು ಇಲ್ಲದಾಗ ಟರ್ಬೊದ ಒತ್ತಡ ನೇರವಾಗಿ ಡಬ್ಬಿಗೆ ಹೋಗಬೇಕು. ಫ್ಯೂಸು ಹೋದರೂ, ವೈರು ಕಿತ್ತರೂ ಬೂಸ್ಟ್ ತನ್ನ ಪಾಡಿಗೆ ಸ್ಪ್ರಿಂಗಿನ ಮಟ್ಟಕ್ಕೆ ಇಳಿಯಬೇಕು. ಈ ಒಂದು ಮಾತನ್ನು ಕಲಿಯಲು ನಾನು ಬೆಲೆ ತೆತ್ತಿದ್ದೇನೆ. ಈ ಕೆಲಸ ಹಿಡಿದ ಹೊಸದರಲ್ಲಿ ಭಾವನ ಗಾಡಿಗೆ ಇಂಥದ್ದೇ ವಾಲ್ವ್ ಹಾಕುವಾಗ ಎರಡು ಮೂತಿ ಅದಲುಬದಲಾದವು. ಡಬ್ಬಿಗೆ ಒತ್ತಡವೇ ಹೋಗಲಿಲ್ಲ, ಕಳ್ಳಬಾಗಿಲು ತೆರೆಯಲೇ ಇಲ್ಲ. ಘಾಟಿಯ ತಿರುವಿನಲ್ಲಿ ಮುಳ್ಳು 1 ದಾಟಿತು, 1.5 ದಾಟಿತು, ಕಾಲು ತೆಗೆಯುವಷ್ಟರಲ್ಲಿ ಗುಂಡು ಹೊಡೆದಂಥ ಶಬ್ದ. ಇಂಟರ್‌ಕೂಲರಿನ ಹೋಸು ಕಿತ್ತು ಹಾರಿತ್ತು. ಅದು ಹಾರದೆ ಬಿಗಿಯಾಗಿ ನಿಂತಿದ್ದರೆ ಹೆಡ್ ಗ್ಯಾಸ್ಕೆಟ್ಟೋ ಪಿಸ್ಟನ್ನೋ ಹೋಗುತ್ತಿತ್ತು. ಅಕ್ಕ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಇವತ್ತಿಗೂ ಮೂತಿ ಜೋಡಿಸುವಾಗ ಆ ಶಬ್ದ ಕಿವಿಗೆ ಬರುತ್ತದೆ. ಈಗ ಗಾಡಿಗೆ ಕಟ್ಟುವ ಮೊದಲು ಕರೆಂಟು ಕೊಡದೆ ಬಾಯಿಂದ ಊದಿ, ಗಾಳಿ ಯಾವ ಮೂತಿಯಿಂದ ಬರುತ್ತದೆ ಎಂದು ತುಟಿಯಿಂದಲೇ ನೋಡಿಕೊಳ್ಳುತ್ತೇನೆ.

ಸೆಟ್ಟಿಂಗಿಗೆ ಆತುರ ಕೂಡದು. ಮೊದಲ ಓಟ ಕಂಟ್ರೋಲರ್ ಆಫ್ ಇಟ್ಟು. ಬೂಸ್ಟ್ 0.8, ಬಿಸಿ 720 ಡಿಗ್ರಿ. 700 ದಾಟಿ ಬಹಳ ಹೊತ್ತು ನಿಲ್ಲಬಾರದು ಎಂಬುದು ನಾನು ಇಟ್ಟುಕೊಂಡಿರುವ ಗಡಿ. ಆಮೇಲೆ 0.9. ಆಮೇಲೆ 1.0. ಅಲ್ಲಿ ಬಿಸಿ 660ಕ್ಕೆ ಇಳಿಯಿತು. ಈ ಗಾಡಿಯ ಪಂಪಿನ ತಲೆಯ ಮೇಲೂ ಒಂದು ಡಬ್ಬಿ ಇದೆ. ಬೂಸ್ಟ್ ಏರಿದಂತೆ ಅದು ಡೀಸೆಲ್ ಅಳತೆಯನ್ನು ತಾನೇ ಸ್ವಲ್ಪ ಏರಿಸುತ್ತದೆ, ಒಂದು ಮಟ್ಟಕ್ಕೆ ನಿಲ್ಲುತ್ತದೆ. ಆ ಮಟ್ಟದ ಆಚೆ ಕೊಟ್ಟ ಗಾಳಿಯೆಲ್ಲ ಎಂಜಿನ್ನನ್ನು ತಂಪಾಗಿಡಲು ಸಲ್ಲುತ್ತದೆ. ಪಂಪಿನ ತಿರುಪನ್ನು ನಾನು ಮುಟ್ಟಲಿಲ್ಲ. 1.2ಕ್ಕೆ ಏರಿಸಿ ನೋಡೋಣವೇ ಎಂದು ಕೈಕೆಳಗಿನ ಹುಡುಗ ಕೇಳಿದ. ಬೇಡ ಎಂದೆ. ಗಾಳಿಯನ್ನು ಒತ್ತಿದಷ್ಟೂ ಅದು ಕಾಯುತ್ತದೆ. ಹೊರಗೆ 30 ಡಿಗ್ರಿ ಇದ್ದ ಗಾಳಿ 1 ಬಾರ್ ಬೂಸ್ಟಿಗೆ ಟರ್ಬೊದ ಬಾಯಲ್ಲಿ ಸುಮಾರು 130 ಡಿಗ್ರಿ ಆಗುತ್ತದೆ. ಹಳೆಯ ಇಂಟರ್‌ಕೂಲರಿಗೆ ಅದನ್ನು ತಣಿಸುವುದೇ ದೊಡ್ಡ ಕೆಲಸ. ಕಾದ ಗಾಳಿ ಹಿಗ್ಗಿರುತ್ತದೆ. ಒತ್ತಡ ಏರಿದರೂ ಒಳಗೆ ಹೋಗುವ ಗಾಳಿಯ ತೂಕ ಆ ಲೆಕ್ಕದಲ್ಲಿ ಏರುವುದಿಲ್ಲ.

ಎತ್ತರದ ಜಾಗಕ್ಕೆ ಹೋಗುವವರು ಇನ್ನೊಂದು ತಿಳಿದಿರಬೇಕು. ಬೂಸ್ಟ್ ಮೀಟರಿನ ಸೊನ್ನೆ ಅಂದರೆ ಸುತ್ತಲಿನ ಗಾಳಿಯ ಒತ್ತಡ. ಮಂಗಳೂರಿನ ಕಡಲ ದಂಡೆಯಲ್ಲಿ ಅದು ಸುಮಾರು 1 ಬಾರ್. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಮೇಲೆ ಸುಮಾರು 0.8. ಕೆಳಗೆ ಕೊಟ್ಟಷ್ಟೇ ಗಾಳಿಯನ್ನು ಅಲ್ಲೂ ಕೊಡಬೇಕೆಂದರೆ ಟರ್ಬೊ ಇನ್ನೂ ವೇಗವಾಗಿ ತಿರುಗಬೇಕು. ಲಡಾಖಿಗೆ ಹೊರಟವರು ಮನೆಯಲ್ಲಿ ಮಾಡಿದ ಸೆಟ್ಟಿಂಗನ್ನು ಇಳಿಸಿಕೊಂಡು ಹೋಗುವುದು ಒಳ್ಳೆಯದು.

ಹೊಸ ಗಾಡಿಗಳ ಮಾತೇ ಬೇರೆ. ಕಾಮನ್ ರೈಲ್ ಎಂಜಿನ್ನಿನಲ್ಲಿ ಬೂಸ್ಟ್, ಡೀಸೆಲ್ ಎರಡನ್ನೂ ಕಂಪ್ಯೂಟರೇ ನೋಡಿಕೊಳ್ಳುತ್ತದೆ. ನಾವು ಹೊರಗಿನಿಂದ ಬೂಸ್ಟ್ ಏರಿಸಿದರೆ ಅದಕ್ಕೆ ಸಂಶಯ ಬಂದು ಪಿ0234 ಎಂಬ ದೋಷಸಂಖ್ಯೆ ಬರೆದು ಗಾಡಿಯನ್ನು ಕುಂಟುನಡಿಗೆಗೆ ಹಾಕುತ್ತದೆ. ಅನೇಕ ಗಾಡಿಗಳಲ್ಲಿ ವೇಸ್ಟ್‌ಗೇಟೇ ಇಲ್ಲ. ಟರ್ಬೊ ಚಕ್ರದ ಸುತ್ತ ತಿರುಗುವ ಪಟ್ಟಿಗಳಿರುತ್ತವೆ. ಗಿಡಕ್ಕೆ ನೀರು ಬಿಡುವಾಗ ಹೋಸಿನ ಬಾಯಿಗೆ ಹೆಬ್ಬೆರಳು ಅಡ್ಡ ಇಟ್ಟರೆ ನೀರು ದೂರ ಚಿಮ್ಮುವುದಿಲ್ಲವೇ, ಹಾಗೆ ಈ ಪಟ್ಟಿಗಳು ಕಿರಿದಾಗಿ ಬಿಸಿ ಗಾಳಿಯನ್ನು ಚಕ್ರಕ್ಕೆ ಚಿಮ್ಮಿಸುತ್ತವೆ. ಸ್ವಿಫ್ಟಿನಲ್ಲಿ ಬಂದ 1248 ಸಿಸಿ ಡೀಸೆಲ್ ಎಂಜಿನ್ನು 75 ಅಶ್ವಶಕ್ತಿಯದು. ಅದೇ ಎಂಜಿನ್ನು ಪಟ್ಟಿಗಳ ಟರ್ಬೊದೊಂದಿಗೆ ಬೇರೆ ಗಾಡಿಗಳಲ್ಲಿ 90 ಕೊಟ್ಟಿತು. ಇಂಥ ಟರ್ಬೊ ಹಲವು ಗಾಡಿಗಳಲ್ಲಿ ನಿರ್ವಾತದಿಂದ ನಡೆಯುತ್ತದೆ. ನಿರ್ವಾತದ ಎಳೆತ ಹೆಚ್ಚಿದರೆ ಬೂಸ್ಟ್ ಹೆಚ್ಚು, ಎಳೆತ ತಪ್ಪಿದರೆ ಬೂಸ್ಟ್ ಕಡಿಮೆ. ವೇಸ್ಟ್‌ಗೇಟಿಗೆ ಮಾಡಿದ ಕಂಟ್ರೋಲರನ್ನು ಇದಕ್ಕೆ ಹಾಕಿದರೆ ಎಲ್ಲವೂ ತಲೆಕೆಳಗು.

ಆಸ್ಟ್ರೇಲಿಯದವರ ಒಂದು ಅನುಭವ ಇಲ್ಲಿ ಹೇಳಲೇಬೇಕು. ಅಲ್ಲಿ 2000ದಲ್ಲಿ ಬಂದ ನಿಸಾನ್ ಪ್ಯಾಟ್ರೋಲಿನ 3 ಲೀಟರ್ ಡೀಸೆಲ್‌ಗೆ ಇಂಥ ಪಟ್ಟಿಗಳ ಟರ್ಬೊ ಇತ್ತು. ಕಾಲು ಒತ್ತಿದ ಕ್ಷಣದಲ್ಲಿ ಬೂಸ್ಟ್ ಹದ್ದು ಮೀರಿ ಜಿಗಿಯುವುದನ್ನು ಕಂಡ ಮಾಲೀಕರು ನಿರ್ವಾತದ ಟ್ಯೂಬಿಗೆ ಸಣ್ಣ ವಾಲ್ವುಗಳನ್ನು ಹಾಕಿ ಆ ಜಿಗಿತವನ್ನು ಕತ್ತರಿಸಿದರು. ಶಕ್ತಿ ಬೇಕೆಂದಲ್ಲ, ಎಂಜಿನ್ ಉಳಿಯಲೆಂದು. ಗೌಡರ ಮಗನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ, ಅಲ್ಲಿ ತಾನೂ ಅಂಥ ಗಾಡಿಗಳನ್ನು ನೋಡಿದ್ದೇನೆ ಎಂದ.

ಕಾನೂನಿನ ಮಾತನ್ನು ಬಾನೆಟ್ ಎತ್ತುವ ಮೊದಲೇ ಗೌಡರಿಗೆ ಹೇಳಿದ್ದೆ, ನಿಮಗೂ ಹೇಳುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಗಳಿಗೆ ಭಿನ್ನವಾಗುವಂತೆ ಗಾಡಿಯನ್ನು ಬದಲಿಸುವ ಹಾಗಿಲ್ಲ. ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನು ಎತ್ತಿಹಿಡಿದಿದೆ. ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ಮೊದಲು ವಿಚಾರಿಸಿ, ಆಮೇಲೆ ಮುಂದುವರಿಯಿರಿ. ಹೊಗೆ ತಪಾಸಣೆಯಲ್ಲಿ ಬಿಎಸ್-4 ಡೀಸೆಲ್ ಗಾಡಿಗೆ 50, ಅದಕ್ಕಿಂತ ಹಳೆಯದಕ್ಕೆ 65 ಹಾರ್ಟ್‌ರಿಡ್ಜ್ ಮಿತಿ. ಗೌಡರ ಗಾಡಿಯನ್ನು ಕೆಲಸ ಮುಗಿದ ದಿನವೇ ತಪಾಸಣೆಗೆ ಕಳಿಸಿದೆ, ಮಿತಿಯೊಳಗೆ ಬಂತು. 2020ರ ಏಪ್ರಿಲ್ 1ರ ನಂತರದ ಬಿಎಸ್-6 ಗಾಡಿಗಳಿಗೆ ನಾನು ಈ ಕೆಲಸ ಮಾಡುವುದೇ ಇಲ್ಲ. ಯಾರು ಎಷ್ಟು ಕೇಳಿಕೊಂಡರೂ ಇಲ್ಲ.

ಗಾಡಿ ಕೊಡುವಾಗ ಗೌಡರಿಗೆ ಎರಡೇ ಮಾತು ಹೇಳಿದೆ. ಬಿಸಿಯ ಮೀಟರು 700 ದಾಟಿದರೆ ಗೇರು ಇಳಿಸಿ, ಕಾಲು ಸಡಿಲಿಸಿ. ಘಾಟಿ ಹತ್ತಿ ನಿಲ್ಲಿಸಿದಾಗ ಒಂದು ನಿಮಿಷ ಎಂಜಿನ್ ಹಾಗೇ ಓಡಲಿ. ಟರ್ಬೊದ ಇರುಸು ಎಣ್ಣೆಯ ಮೇಲೆ ತೇಲುತ್ತಿರುತ್ತದೆ. ಕಾದ ಟರ್ಬೊಗೆ ಎಣ್ಣೆ ಥಟ್ಟನೆ ನಿಂತರೆ ಒಳಗೇ ಸುಟ್ಟು ಕರಕಲಾಗುತ್ತದೆ.

ಈಚೆಗೆ ಅವರು ಮತ್ತೆ ಬಂದಿದ್ದರು. ತೋಟದ ಆಳುಲೆಕ್ಕದ ಪುಸ್ತಕದಿಂದ ಹರಿದ ಒಂದು ಹಾಳೆ ನನ್ನ ಕೈಗೆ ಕೊಟ್ಟರು. ಪುತ್ತೂರಿನಿಂದ ಬಂದ ಪ್ರತಿ ಸಲದ ಲೆಕ್ಕ, ದುಂಡಗಿನ ಅಕ್ಷರದಲ್ಲಿ. ಗುಂಡ್ಯ, ಕೆಂಪುಹೊಳೆ, ಮಾರನಹಳ್ಳಿ, ದೋಣಿಗಲ್. ಒಂದೊಂದರ ಮುಂದೆ ಬೂಸ್ಟ್ ಎಷ್ಟು, ಬಿಸಿ ಎಷ್ಟು. ಪಕ್ಕದಲ್ಲಿ ಕೂತ ಮೊಮ್ಮಗಳು ಓದಿ ಹೇಳುತ್ತಾಳಂತೆ, ಮನೆಗೆ ಬಂದು ಇವರು ಬರೆಯುತ್ತಾರಂತೆ. ಮೇಲಿಂದ ಕೆಳಗೆ ಎಲ್ಲ ಸಾಲಿನಲ್ಲೂ ಮಾರನಹಳ್ಳಿಯ ಬೂಸ್ಟ್ 1.0. ಕೊನೆಯ ಎರಡು ಸಾಲಿನಲ್ಲಿ ಮಾತ್ರ 0.9, ಬಿಸಿ 690.

“ಗಾಡಿ ಚೆನ್ನಾಗೇ ಎಳೀತದೆ ಮಾರಾಯ. ಆದರೂ ಈ ಎರಡು ಸಾಲು ನೋಡಿ ಯಾಕೋ ಮನಸ್ಸು ತಡೀಲಿಲ್ಲ.”

ನಾನು ಬಾನೆಟ್ ಎತ್ತಿ, ಪಿವಿಸಿ ಮುಚ್ಚಳ ಕಟ್ಟಿ, ಹುಡುಗನಿಗೆ ಸೋಪಿನ ನೀರು ತರಲು ಹೇಳಿದೆ. ಮೇಲಿನ ಹೋಸಿನ ಕ್ಲಾಂಪಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಎದ್ದಿತು, ಒಡೆಯಿತು, ಮತ್ತೆ ಎದ್ದಿತು. ಗೌಡರು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು.